ಹೆಸರು ಹಾಕದ ಸುದ್ದಿ

ಬೀದಿ ಕೊನೆಯ ಇಸ್ತ್ರಿ ಅಂಗಡಿಗೆ ಬೆಳಿಗ್ಗೆ ಎರಡು ಪತ್ರಿಕೆ ಬರುತ್ತವೆ. ಒಂದು ಗಿರಾಕಿಗಳಿಗೆ. ಇನ್ನೊಂದರಲ್ಲಿ ಅಂಗಡಿಯವನ ತಮ್ಮ ಕೋರ್ಟ್ ವರದಿ ಬರೆಯುತ್ತಾನೆ. ಬುಧವಾರ ಎರಡರಲ್ಲೂ ಒಂದೇ ಪ್ರಕರಣವಿತ್ತು: ಹದಿನಾಲ್ಕರ ಹುಡುಗಿಯ ಮೇಲೆ ಲೈಂಗಿಕ ದೌರ್ಜನ್ಯ. ಅವಳ ಹೆಸರು ಯಾವುದರಲ್ಲೂ ಇರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವಳು ಯಾರೆಂದು ಬೀದಿಗೆಲ್ಲ ಗೊತ್ತಾಗಿತ್ತು.

ಶುಕ್ರವಾರ ಅಂಗಡಿಯಲ್ಲಿ ಅಣ್ಣ, ತಮ್ಮ ಇಬ್ಬರೇ ಇದ್ದರು. ಕೋರ್ಟಿನಲ್ಲಿ ಟೈಪಿಸ್ಟ್ ಆಗಿರುವ ಎದುರುಮನೆಯಾಕೆ ಬಟ್ಟೆ ಕೊಡಲು ಬಂದಳು.

"ಆ ಹುಡುಗಿ ತಾಯಿ ಬೆಳಿಗ್ಗೆ ಬಂದಿದ್ಲು," ಎಂದ ಅಣ್ಣ. "ಮಗಳು ಶಾಲೆಗೂ ಹೋಗಲ್ಲ, ಸೋಮವಾರ ಸಾಕ್ಷಿನೂ ಹೇಳಲ್ಲ ಅಂತಿದ್ದಾಳಂತೆ. ಬಾಗಿಲು ಹಾಕ್ಕೊಂಡು ಕೂತಿದ್ದಾಳಂತೆ."

"ಅದಕ್ಕೆ ನಾನೇನು ಮಾಡ್ಲಿ?" ಎಂದ ತಮ್ಮ. "ನಾನು ಹೆಸರು ಹಾಕಿಲ್ಲ. ಕಾನೂನು ನನಗೂ ಗೊತ್ತು."

"ಅರ್ಧ ಗೊತ್ತು," ಎಂದಳು ಟೈಪಿಸ್ಟ್. "ಎರಡೂ ಪೇಪರ್ ಕೊಡಣ್ಣ ಇಲ್ಲಿ."

ಇಸ್ತ್ರಿ ಮೇಜಿನ ಮೇಲೆ ಪಕ್ಕಪಕ್ಕ ಹರಡಿದಳು. "ಈ ಪೇಪರಿನವರು ಆರೋಪಿ ಹೆಸರು ಹಾಕಿದ್ದಾರೆ, ಅವನು ಹುಡುಗಿಗೆ ಏನಾಗಬೇಕು ಅಂತ ಹಾಕಿಲ್ಲ. ನೀನು ಹೆಸರು ಬಿಟ್ಟು, ಸೋದರಮಾವ ಅಂತ ಹಾಕಿದ್ದೀಯ. ಈಗ ಎರಡನ್ನೂ ಕೂಡಿಸಿ ಓದು. ಆ ಮನುಷ್ಯನಿಗೆ ಒಬ್ಬಳೇ ಅಕ್ಕ. ಅಕ್ಕನಿಗೆ ಒಬ್ಬಳೇ ಮಗಳು."

ಅಣ್ಣ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ನಾನೂ ಹಾಗೇ ಕೂಡಿಸಿದ್ದು. ನಾಲ್ಕು ಗಿರಾಕಿ ಮುಂದೆ. ಜಾಣ ಅನ್ನಿಸಿಕೊಂಡೆ."

"ಅವರು ಹೆಸರು ಹಾಕ್ತಾರೆ ಅಂತ ನನಗೇನು ಕನಸು ಬಿದ್ದಿತ್ತಾ ಅಕ್ಕ?" ಎಂದ ತಮ್ಮ ಟೈಪಿಸ್ಟಿಗೆ.

"ಕೋರ್ಟ್ ಹಾಲ್ ಹೊರಗೆ ನೀನೂ ಆ ಪೇಪರಿನವನೂ ಒಂದೇ ಬೆಂಚಲ್ಲಿ ಭುಜ ತಾಗಿಸಿ ಕೂತಿದ್ರಲ್ಲ, ಕೇಳೋಕೆ ಬಾಯಿರಲಿಲ್ವಾ? ಹೆಸರು ಬಿಟ್ಟರೆ ಸಾಲದಪ್ಪ, ಗುರುತೇ ಸಿಗಬಾರದು. ಶಾಲೆ, ಬೀದಿ, ಫೋಟೊ, ಯಾವುದರಿಂದ ಗೊತ್ತಾದ್ರೂ ತಪ್ಪೇ. ಆರೋಪಿ ಮನೆಯವನೇ ಆದ್ರೆ ಅವನ ಹೆಸರೂ ಬೇಡ, ನಂಟೂ ಬೇಡ. ಇನ್ನು ಈ ತಲೆಬರಹ. ಕಾಮುಕ ಅಂತ ಬರೆದಿದ್ದೀಯ. ತೀರ್ಪು ಕೊಟ್ಟೋರು ಯಾರು, ನೀನಾ? ನಾಳೆ ಅವನ ವಕೀಲರು ಇದೇ ಕಾಗದ ಹಿಡ್ಕೊಂಡು, ನಮಗೆ ನ್ಯಾಯವಾದ ವಿಚಾರಣೆ ಸಿಗ್ತಿಲ್ಲ ಅಂತಾರೆ."

ತಮ್ಮ ಫೋನ್ ತೆಗೆದು ಸಂಪಾದಕರಿಗೆ ಕರೆ ಮಾಡಿದ. ಸಂಜೆಯೊಳಗೆ ಪತ್ರಿಕೆಯ ಜಾಲತಾಣದಿಂದ ವರದಿಯನ್ನು ತೆಗೆದುಹಾಕಿದರು. ಅಷ್ಟರಲ್ಲಿ ಅದರ ಚಿತ್ರ ಎಷ್ಟೋ ಫೋನುಗಳಿಗೆ ತಲುಪಿತ್ತು; ಅಲ್ಲಿಂದ ಅದನ್ನು ಅಳಿಸುವ ದಾರಿ ಯಾರಿಗೂ ಗೊತ್ತಿರಲಿಲ್ಲ.

ಸೋಮವಾರ ನ್ಯಾಯಾಧೀಶರು ಹುಡುಗಿಗಾಗಿ ಅರ್ಧ ಗಂಟೆ ಕಾದರು. ತಾಯಿ ಒಬ್ಬಳೇ ಬಂದಳು. ಪ್ರಕರಣ ಮುಂದಿನ ತಿಂಗಳಿಗೆ ಹೋಯಿತು. ಹೊರಗೆ ತಮ್ಮ ಇನ್ನೊಂದು ಪತ್ರಿಕೆಯ ವರದಿಗಾರನನ್ನು ತಡೆದು ನಿಲ್ಲಿಸಿದ. "ಇವತ್ತು ಏನು ಬರೀತೀಯ, ಮೊದಲು ಹೇಳು. ಆಮೇಲೆ ನಾನು ಬರೀತೀನಿ."

ಕೋರ್ಟ್ ಸುದ್ದಿ ಬರೆಯುವವರೇ, ನಿಮ್ಮ ವರದಿಯನ್ನು ಬೇರೆಯವರ ವರದಿಯ ಪಕ್ಕದಲ್ಲಿಟ್ಟು, ಆ ಮಗುವಿನ ನೆರೆಯವರ ಕಣ್ಣಿನಿಂದ ಓದಿ ನೋಡಿ. ತೀರ್ಪು ಬರುವವರೆಗೆ ಆರೋಪಿಯನ್ನು ಆರೋಪಿ ಎಂದೇ ಬರೆಯಿರಿ. ಓದುವವರೇ, ಯಾರೆಂದು ಹೊಳೆದರೂ ಬಾಯಿ ಬಿಡಬೇಡಿ, ಫೋನಿನಲ್ಲಿ ಮುಂದಕ್ಕೆ ಕಳಿಸಬೇಡಿ. ಅವಳು ಇನ್ನೂ ಸಾಕ್ಷಿ ಹೇಳಬೇಕಾಗಿದೆ.