ಮಾಡಿಸಿದವರು

ತಮಿಳುನಾಡಿನ ಗಡಿಯೊಳಗಿನ ಕನ್ನಡದ ಊರು ತಿಗನಾರೆಯಲ್ಲಿ ನಾಟಕವೆಂದರೆ ಕಾಸು ಕೊಟ್ಟು ಪಾರ್ಟು ಕೊಳ್ಳುವ ವ್ಯವಹಾರ. ದುರ್ಯೋಧನನಿಗೆ ಎಲ್ಲರಿಗಿಂತ ಹೆಚ್ಚು ಬೆಲೆ, ಭೀಮನಿಗೆ ಅದಕ್ಕಿಂತ ಒಂದು ಕೈ ಕಡಿಮೆ, ಕೃಷ್ಣನಿಗೆ ಕಂಠ ಬೇಕಾದುದರಿಂದ ಸ್ವಲ್ಪ ರಿಯಾಯಿತಿ. ಹೀಗೆ ಇಳಿಯುತ್ತ ಬಂದರೆ ಕಟ್ಟಕಡೆಗೆ ಈಟಿ ಹಿಡಿದು ನಿಲ್ಲುವ ಭಟ ಸಿಗುತ್ತಾನೆ. ಅವನಿಗೆ ಬೆಲೆಯಿಲ್ಲ, ಕೂಲಿಯವರ ಬೀದಿಯಿಂದ ಯಾರನ್ನಾದರೂ ಕರೆದು ನಿಲ್ಲಿಸಿದರೆ ಆಯಿತು. ಕೊಂಡ ಪಾರ್ಟು ಕೊಂಡವನ ಸೊತ್ತು. ಅವನು ಇಷ್ಟಬಂದಷ್ಟು ಹೊತ್ತು ಹಾಡಬಹುದು, ಇಷ್ಟಬಂದಷ್ಟು ಸಲ ಮೀಸೆ ತಿರುವಬಹುದು; ಹಾರ್ಮೋನಿಯಂ ಮೇಷ್ಟರು ತುಟಿ ಪಿಟಕ್ಕೆನ್ನದೆ ಗಾಳಿ ಒತ್ತುತ್ತಿರಬೇಕು.

ಇಂಥ ಊರಿನಲ್ಲಿ, ಅದೇ ಕೂಲಿಯವರ ಬೀದಿಯಲ್ಲಿ ಹುಟ್ಟಿದ ಮಮತ, ತನ್ನ ನಾಟಕದಲ್ಲಿ ಪಾರ್ಟು ಮಾಡುವವರಿಗೆ ತಾನೇ ಕಾಸು ಕೊಡುವುದಾಗಿ ಹೇಳಿದಾಗ, ಬಿಸಿಲು ನೆತ್ತಿಗೇರಿರಬೇಕೆಂದು ಜನ ಅವಳ ತಲೆಯ ಕಡೆ ನೋಡಿದರು.

“ಕಾಸ್ ಕೊಟ್ಟು ಪಾರ್ಟ್ ತಕ್ಕಳದ ಕಂಡಿವ್ನಿ,” ಎಂದ ರಾಮು. ಅವನು ತಾಳವಾಡಿಯ ಸಂತೆಯಲ್ಲಿ ಕೋಸಿನ ಮೂಟೆ ಹೊರುವವನು, ಭಟನ ಪಾರ್ಟಿನಲ್ಲಿ ಪಳಗಿದವನು. “ಪಾರ್ಟ್ ಮಾಡದುಕ್ಕ ಕಾಸ್ ಕೊಡದ ಕಂಡಿಲ್ಲ ಕಣಕ್ಕಾ. ಯಾವ್ದಾರ ಬ್ಯಾಂಕ್ಗ ಕನ್ನ ಆಕಿದ್ದಯ್ಯಾ?”

“ಟ್ರಸ್ಟ್ನೋರು ಕೊಡ್ತಾರ ಕಣ್ಲಾ. ಒಸ್ದಾಗಿ ನಾಟ್ಕ ಮಾಡ್ಸೋರ್ಗ ಅಂತ್ಲೇ ಮಡಗಿರ ದುಡ್ಡು.”

“ಓ, ಉದವಿತೊಗೆ ಅನ್ನು! ನಮ್ಮವ್ವನ್ಗ ಸರ್ಕಾರ್ದೋರಿಂದ ತಿಂಗ್ಳುತಿಂಗ್ಳೂ ಬತ್ತದಲ್ಲ, ಅಂಗ. ಅವ್ವನ್ಗ ಗಂಡ ಸತ್ತಿದ್ಕ ಬತ್ತದ. ನಿಂಗ ಯಾರ್ ಸತ್ರು ಅಂತ ಕೊಟ್ರು?”

ಎಲ್ಲರೂ ನಕ್ಕರು. ಮಮತಳೂ ನಕ್ಕಳು. ಆಗ ಇನ್ನೂ ನಗುವುದು ಸುಲಭವಾಗಿತ್ತು.

ಅವಳು ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ನೂಲು ಕತ್ತರಿಸುತ್ತ ಯೌವನದ ಮೊದಲ ಪಾಲನ್ನು ಕಳೆದವಳು. ಅಲ್ಲಿಂದ ಬಿಡಿಸಿಕೊಂಡು ಮೈಸೂರಿನ ಒಂದು ತಂಡದ ಬೆನ್ನು ಹತ್ತಿ, ಟಿಕೆಟು ಹರಿಯುವುದು, ಲಾರಿ ಗೊತ್ತುಮಾಡುವುದು, ಮುನಿಸಿಕೊಂಡ ನಟರನ್ನು ಸಮಾಧಾನಪಡಿಸಿ ಊಟಕ್ಕೆ ಕೂರಿಸುವುದು, ಇವೆಲ್ಲವೂ ಸೇರಿ ಒಂದು ವೃತ್ತಿಯೆಂದೂ ಅದಕ್ಕೆ ನಿರ್ಮಾಪಕಿ ಎಂಬ ಹೆಸರಿದೆಯೆಂದೂ ತಿಳಿದುಕೊಂಡಿದ್ದಳು. ಆ ಹೆಸರನ್ನು ಹೊತ್ತುಕೊಂಡು ಅವಳು ತಟ್ಟದ ಬಾಗಿಲಿಲ್ಲ. ಚೆನ್ನೈಯವರು ನಾಟಕ ಕನ್ನಡದ್ದೆಂದು ಕೈ ಮುಗಿದರು. ಬೆಂಗಳೂರಿನವರು ವಿಳಾಸ ತಮಿಳುನಾಡಿನದೆಂದು ಕೈ ಮುಗಿದರು. ಕೊನೆಗೆ ಬೆಂಗಳೂರಿನದೇ ಒಂದು ಖಾಸಗಿ ಟ್ರಸ್ಟು, ಹೊಸ ಸ್ವತಂತ್ರ ನಿರ್ಮಾಪಕರನ್ನು ಕೈಹಿಡಿದು ನಡೆಸುವ ತನ್ನ ಯೋಜನೆಯಲ್ಲಿ ಅವಳಿಗೊಂದು ವರ್ಷದ ಜಾಗ ಕೊಟ್ಟಿತು. ವರ್ಷದ ಕೊನೆಯ ಪ್ರದರ್ಶನ ಮೆಚ್ಚುಗೆಯಾದರೆ ಇನ್ನೆರಡು ವರ್ಷ ಆಸರೆ. ಬೆಟ್ಟದ ಊರೂರಿಗೂ ನಾಟಕ ಒಯ್ಯಬಹುದು. ಮೆಚ್ಚುಗೆಯಾಗದಿದ್ದರೆ ಮತ್ತೆ ಬನಿಯನ್ನು, ಮತ್ತೆ ನೂಲು.

ನಾಟಕದ ಹೆಸರು ‘ಕಾವಲು’. ಒಬ್ಬ ಹೆಂಗಸು ಅಟ್ಟಣೆಯ ಮೇಲೆ ಕುಳಿತು ಆನೆ, ಹಂದಿಗಳಿಂದ ಜೋಳದ ಹೊಲ ಕಾಯುತ್ತಾಳೆ. ಹೊಲ ಅವಳದಲ್ಲ. ಆನೆ ರಂಗದ ಮೇಲೆ ಕಾಣುವುದೇ ಇಲ್ಲ. ಪರದೆಯ ಹಿಂದೆ ಕೊಂಬೆ ಮುರಿಯುವ ಸದ್ದು, ಉಸಿರು, ಅಷ್ಟೆ. ಕೊನೆಗೆ ಅವಳು ಎದ್ದು ನಿಂತು ಆ ಸದ್ದಿಗೆ ಒಂದೇ ಮಾತು ಕೂಗುತ್ತಾಳೆ: ಹೋಗು, ಇದು ನನ್ನ ಹೊಲ. ಇಡೀ ನಾಟಕ ನಿಂತಿದ್ದುದು ಆ ಕೂಗಿನ ಮೇಲೆ. ಕೂಗಬೇಕಾದವಳು ಮಮತಳ ಚಿಕ್ಕವ್ವ ಮಾದೇವಮ್ಮ. ಹುಟ್ಟಿದಾಗಿನಿಂದ ಊರಿನ ದೊಡ್ಡ ಜಮೀನುದಾರ ಮಹದೇವಪ್ಪನವರ ಹೊಲ ಕಾದವಳು. ಬೆಟ್ಟದ ಈ ಮಗ್ಗುಲಿಗೆಲ್ಲ ಕೇಳುವಂಥ ಗಂಟಲು ಅವಳದು.

“ಒಲ ನಂದಲ್ವಲ್ಲವ್ವ,” ಎಂದಿದ್ದಳು ಮಾದೇವಮ್ಮ ಮೊದಲ ದಿನ. “ಬುದ್ದಿಯೋರ್ದು.”

“ಅದು ಆನೆಗ ಗೊತ್ತಾ ಚಿಕ್ಕವ್ವ?”

“ಆನೆಗ ಗೊತ್ತಿಲ್ದೆ ಇದ್ದದು. ನಂಗ ಗೊತ್ತಲ್ಲ.”

ಆದರೂ ವಾರ ಕಳೆಯುವುದರೊಳಗೆ ಅವಳಿಗೆ ಆ ಮಾತಿನ ರುಚಿ ಹತ್ತಿತು. “ಓಗು! ಇದು ನನ್ ಒಲ!” ಎಂದು ಅವಳು ಕೂಗಿದರೆ ರಾಮು ಪರದೆಯ ಹಿಂದೆ ಆನೆಯ ಕೊಂಬೆ ಕೈಬಿಟ್ಟು, “ಸುಮ್ನಿರವ್ವೋ, ರಿಜಿಸ್ಟ್ರಾಪೀಸ್ನೋರು ಕೇಳಿಸ್ಕಂಡಾರು!” ಎನ್ನುತ್ತಿದ್ದ. ಅವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು, ಮತ್ತೆ ಕೂಗುತ್ತಿದ್ದಳು.

ಹೀಗಿರುವಾಗ ಟ್ರಸ್ಟಿನ ಮಾರ್ಗದರ್ಶಕಿಯ ಫೋನು ಬಂತು. ಆಕೆ ಕೆಟ್ಟವರಲ್ಲ. ತಿಂಗಳಿಗೊಮ್ಮೆ ತಪ್ಪದೆ ಮಾತಾಡಿಸುತ್ತಿದ್ದರು, ಮಮತಳ ಹೆಸರನ್ನು ಅಕ್ಕರೆಯಿಂದ ಎಳೆದು ಕರೆಯುತ್ತಿದ್ದರು.

“ಸ್ವತಂತ್ರ ನಿರ್ಮಾಪಕಿ ಅಂದರೆ ಅನುದಾನ ನಂಬಿ ಕೂರುವವಳಲ್ಲ, ಮಮತಾ. ಸ್ಥಳೀಯ ಸಹಭಾಗಿತ್ವ ತೋರಿಸಬೇಕು. ಊರಿನವರು ಏನಾದರೂ ಹಾಕಿರಬೇಕು. ಇನ್ನೊಂದು ಮಾತು. ನಾನು ವರದಿಗಳನ್ನು ನಂಬುವವಳಲ್ಲ. ನಾಟಕ ಮುಗಿದ ಮೇಲೆ ಇದರ ನಿರ್ಮಾಪಕರು ಯಾರೆಂದು ಪ್ರೇಕ್ಷಕರನ್ನೇ ಕೇಳುತ್ತೇನೆ. ಅವರ ಬಾಯಲ್ಲಿ ನಿನ್ನ ಹೆಸರು ಬಂದರೆ, ನೀನು ಈ ನೆಲದಲ್ಲಿ ಬೇರು ಬಿಟ್ಟಿದ್ದೀಯ ಅಂತ ಅರ್ಥ. ಅಷ್ಟೇ ಪರೀಕ್ಷೆ.”

ಇಷ್ಟು ಸುಲಭದ ಪರೀಕ್ಷೆಯನ್ನು ಮಮತ ಕನಸಿನಲ್ಲಿಯೂ ಎಣಿಸಿರಲಿಲ್ಲ. ಅವಳು ಈ ನಾಟಕಕ್ಕಾಗಿ ಹತ್ತಿಳಿದ ಬಸ್ಸುಗಳ ಕಂಡಕ್ಟರುಗಳಿಗೂ ಗೊತ್ತಿತ್ತು ಇದು ಯಾರ ನಾಟಕವೆಂದು. ಉಳಿದದ್ದು ಸಹಭಾಗಿತ್ವ. ಅದಕ್ಕಾಗಿ ಮಹದೇವಪ್ಪನವರ ಜಗುಲಿಯ ಕೆಳಗೆ ನಿಂತಳು.

ತಾಳವಾಡಿಯ ಕಲ್ಯಾಣಮಂಟಪ ಅವರದು. ಶಾಮಿಯಾನ, ಜನರೇಟರು, ಕುರ್ಚಿಗಳು ಅವರ ತಮ್ಮನ ಮಗ ದಯಾನಂದನವು. ಮಹದೇವಪ್ಪನವರು ತಮ್ಮ ಕಾಲದಲ್ಲಿ ದುರ್ಯೋಧನನನ್ನು ಬೇರೆಯವರ ಕೈಗೆ ಹೋಗಗೊಡದವರು.

“ಎಂಥ ನಾಟ್ಕವ್ವ?”

“ಒಲ ಕಾಯೋ ನಾಟ್ಕ ಬುದ್ದಿ.”

“ಒಲ ಕಾಯದ ನೋಡಕ್ಕ ಮಂಟಪಕ್ಯಾಕ ಬರ್ಬೇಕು? ಬೇಲಿ ತಾವ ನಿಂತ್ಕಂಡ್ರ ಸಾಲ್ದಾ?” ಎಂದು ಅವರು ನಕ್ಕರು, ದಯಾನಂದನೂ ಫೋನಿನಿಂದ ತಲೆಯೆತ್ತಿ ನಕ್ಕ. “ಆಗ್ಲಿ. ಮಂಟಪ ತಕ್ಕೊ, ಜನರೇಟ್ರು ತಕ್ಕೊ, ಬಂದೋರ್ಗ ಒಂದೊತ್ತು ಊಟನೂ ನಮ್ದೇ. ನಂಗ ಯಾವ ಪಾರ್ಟು?”

“ರಾಜನ್ ಪಾರ್ಟ್ ಇಲ್ಲ ಬುದ್ದಿ.”

“ರಾಜ್ನೇ ಇಲ್ದ ನಾಟ್ಕವ! ಮತ್ತ ದೊಡ್ಡ ಪಾರ್ಟ್ ಯಾರ್ದು?”

“ಮಾದೇವಮ್ಮಂದು.”

ಮಹದೇವಪ್ಪನವರು ಎಲೆಗೆ ಸುಣ್ಣ ಸವರಿ ಮುಗಿಸಿದರು.

“ಅದ ಬುಟ್ಟು?”

“ಆನೆ ಅದ. ಆದ್ರ ಆನೆ ಕಾಣಲ್ಲ ಬುದ್ದಿ, ಪರದೆ ಇಂದ್ಗಡ ಸದ್ದು ಅಷ್ಟಿಯ.”

“ಆನೆ ನಂಗಿರ್ಲಿ,” ಎಂದರು ಅವರು.

ಮಮತ ಒಪ್ಪಿದಳು. ಪರದೆಯ ಹಿಂದಿರುವುದು ಯಾರಾದರೇನು, ಕೊಂಬೆ ಮುರಿದರೆ ಸಾಕೆಂದು ತನಗೆ ತಾನೇ ಹೇಳಿಕೊಂಡಳು. ಫೋನಿನಲ್ಲಿ ಮಾರ್ಗದರ್ಶಕಿ, “ನೋಡಿದೆಯಾ, ಕೇಳಿದರೆ ಕೊಡುತ್ತಾರೆ!” ಎಂದು ಹಿಗ್ಗಿದರು.

ಕತ್ತಲಾದರೆ ನಿಜವಾದ ಆನೆಗಳು ರಸ್ತೆಗೆ ಬರುವುದರಿಂದ ನಾಟಕ ಭಾನುವಾರದ ಮಧ್ಯಾಹ್ನಕ್ಕೆ ನಿಗದಿಯಾಯಿತು. ಮಾರ್ಗದರ್ಶಕಿ ಅಲ್ಲಿಂದ ಕೊಯಮತ್ತೂರಿಗೆ ಹೋಗಬೇಕಿತ್ತು. ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ಗೇಟು ಹಾಕುವ ಮೊದಲು ಹೊರಡಬೇಕೆಂದು ಆಗಾಗ ಗಡಿಯಾರ ನೋಡಿಕೊಳ್ಳುತ್ತ ಮುಂದಿನ ಸಾಲಿನಲ್ಲಿ ಕುಳಿತರು. ಮಂಟಪ ತುಂಬಿತ್ತು. ಊಟ ಚೆನ್ನಾಗಿತ್ತು.

ನಾಟಕವೂ ಚೆನ್ನಾಗಿಯೇ ಸಾಗಿತು. ಮಾದೇವಮ್ಮ ಅಟ್ಟಣೆಯ ಮೇಲೆ ತಲೆಗೆ ಟವೆಲು ಕಟ್ಟಿ ಕುಳಿತು, ಬೆಂಕಿ ಕೆದಕಿ, ತನ್ನಷ್ಟಕ್ಕೆ ತಾನು ಮಾತಾಡಿಕೊಂಡಾಗ ಹೆಂಗಸರ ಕಡೆಯಿಂದ ಒಂದು ಕೆಮ್ಮೂ ಕೇಳಲಿಲ್ಲ. ಪರದೆಯ ಹಿಂದೆ ಕೊಂಬೆ ಮುರಿಯಿತು. ಅವಳು ಎದ್ದು ನಿಂತಳು. ಮಮತ ರಂಗದ ಪಕ್ಕದಿಂದ ನೋಡುತ್ತಿದ್ದಳು.

ಆಗ ಪರದೆ ಸರಿಯಿತು.

ಕಾಸು ಕೊಟ್ಟು ಕೊಂಡ ಪಾರ್ಟು ಪರದೆಯ ಹಿಂದೆ ಕೊಳೆಯುವುದನ್ನು ಯಾವ ಮನುಷ್ಯ ಸಹಿಸಿಯಾನು? ಮಹದೇವಪ್ಪನವರು ದುರ್ಯೋಧನನ ಮಖಮಲ್ಲಿನ ಕೋಟು ತೊಟ್ಟು, ಕಿರೀಟವಿಟ್ಟು, ಹೆಗಲ ಮೇಲೆ ಗದೆ ಹೊತ್ತು ಹೊರಬಂದರು. ಆನೆಗೆಂದು ಅವರು ತೋರಿದ ಏಕೈಕ ದಾಕ್ಷಿಣ್ಯವೆಂದರೆ ಮೀಸೆಯ ಎರಡು ತುದಿಗಳಿಗೆ ದಂತದ ಗುರುತಾಗಿ ಸುಣ್ಣ ಹಚ್ಚಿಕೊಂಡದ್ದು. ಶಿಳ್ಳೆಯಲ್ಲಿ ಮಂಟಪದ ಮಾಡು ಹಾರಿತು. ಅವರು ತಮ್ಮ ಹಳೆಯ ಪದ್ಯವೊಂದನ್ನು ಎತ್ತಿಕೊಂಡು, “ಒನ್ಸ್ ಮೋರ್!” ಎಂಬ ಕೂಗಿಗೆ ಅದನ್ನೇ ಮತ್ತೊಮ್ಮೆ ಹಾಡಿ, ಅಟ್ಟಣೆಯ ಮುಂದೆ ಬಂದು ಗದೆ ಊರಿ ನಿಂತರು. ಇನ್ನು ಅವಳ ಮಾತು.

“ಅನ್ನು ಚಿಕ್ಕವ್ವ,” ಎಂದು ಮಮತ ಪಿಸುಗುಟ್ಟಿದಳು. “ಓಗು ಅನ್ನು. ಒಂದೇ ಮಾತು.”

ಮಾದೇವಮ್ಮ ಬಾಯಿ ತೆರೆದಳು. ಕಿರೀಟದ ಕೆಳಗಿನ ಮುಖವನ್ನು ನೋಡಿದಳು. ಬಾಯಿ ಮುಚ್ಚಿದಳು. ಆಮೇಲೆ ತಲೆಯ ಟವೆಲನ್ನು ಬಿಚ್ಚಿ ಕಂಕುಳಿಗಿಟ್ಟುಕೊಂಡು, ಏಣಿಯ ಮೇಲೆ ಒಂದೊಂದೇ ಕಾಲಿಟ್ಟು ಇಳಿದು, ಪಕ್ಕಕ್ಕೆ ಸರಿದು ಕೈಕಟ್ಟಿ ನಿಂತಳು. ಮಹದೇವಪ್ಪನವರು ರಂಗದ ಮೇಲೆ ನೆಟ್ಟಿದ್ದ ಜೋಳದ ಕಡ್ಡಿಗಳನ್ನು ಒಂದೇ ಹಿಡಿಯಲ್ಲಿ ಕಿತ್ತು ಜನರಿಗೆ ಎತ್ತಿ ತೋರಿಸಿದರು. ಚಪ್ಪಾಳೆ ನಿಲ್ಲಲಿಲ್ಲ.

ಮಾರ್ಗದರ್ಶಕಿ ಒದ್ದೆಯಾದ ಕಣ್ಣುಗಳಲ್ಲಿ ರಂಗವೇರಿ ಮೈಕು ಹಿಡಿದರು. “ಕಿರೀಟ ಇಟ್ಟ ಆನೆ! ಕಾಯುವವಳೇ ಇಳಿದು ದಾರಿ ಬಿಡುತ್ತಾಳೆ! ಎಂಥ ರೂಪಕ! ನಾನು ನಗರದಲ್ಲಿ ಇಂಥದನ್ನು ಕಂಡಿಲ್ಲ.” ಗಡಿಯಾರ ನೋಡಿಕೊಂಡರು. “ನಿಮ್ಮನ್ನೇ ಕೇಳುತ್ತೇನೆ. ಈ ನಾಟಕ ಮಾಡಿಸಿದವರು ಯಾರು?”

ಮಮತ ಆಗಲೇ ಒಂದು ಹೆಜ್ಜೆ ಮುಂದಿಟ್ಟಿದ್ದಳು. ‘ಮಾಡಿಸಿದವರು’ ಎಂಬ ಶಬ್ದ ಕಿವಿಗೆ ಬಿದ್ದ ಕ್ಷಣ ಅವಳ ಕಾಲು ನಿಂತಿತು.

ಈ ಬೆಟ್ಟದಲ್ಲಿ ಪೂಜೆ ಮಾಡುವವನು ಬೇರೆ, ಮಾಡಿಸುವವನು ಬೇರೆ. ಮಾಡುವವನಿಗೆ ಕೈ ಬೇಕು, ಮಾಡಿಸುವವನಿಗೆ ಗಂಟು ಬೇಕು. ಯಾರ ಗಂಟು ಬಿಚ್ಚಿತೋ ಅವರು ಮಾಡಿಸಿದವರು. ಅದರಲ್ಲಿ ಸುಳ್ಳಿಲ್ಲ, ಮುಖಸ್ತುತಿಯೂ ಇಲ್ಲ. ಮಾತಿನ ಅರ್ಥವೇ ಅಷ್ಟು. ಓಡಾಡಿದವರು ಯಾರೆಂದು ಆಕೆ ಕೇಳಿದ್ದರೆ ಇಡೀ ಮಂಟಪ ಒಂದೇ ಬಾಯಲ್ಲಿ ಮಮತಳ ಹೆಸರು ಹೇಳುತ್ತಿತ್ತು.

ಎಲ್ಲರಿಗಿಂತ ಮೊದಲು ಉತ್ತರ ಕೊಟ್ಟವಳು ಮಾದೇವಮ್ಮ. ಕಟ್ಟಿದ ಕೈ ಬಿಡದೆ, ನಾಟಕದುದ್ದಕ್ಕೂ ಹೊರಡಿಸದ ಗಂಟಲಿನಲ್ಲಿ, “ನಮ್ ಬುದ್ದಿಯೋರು ಕಣ್ತಾಯೀ!” ಎಂದಳು.

“ಓಡಾಡಿದ್ದೆಲ್ಲ ಮಮತಕ್ಕ ಕಣಮ್ಮಾ!” ಎಂದು ರಾಮು ಪರದೆಯ ಮಗ್ಗುಲಿನಿಂದ ಪ್ರೀತಿ ತುಂಬಿ ಕೂಗಿದ. “ಬಸ್ಸು ಸವ್ಸಾಕವ್ಳ! ಮಾಡ್ಸಿದ್ದು ಮಾತ್ರ ಬುದ್ದಿಯೋರಿಯ!”

ಜನ ಹೌದೆಂದು ಚಪ್ಪಾಳೆ ತಟ್ಟಿದರು. ಮಹದೇವಪ್ಪನವರು ಸುಣ್ಣದ ಮೀಸೆಯ ಮೇಲೆ ಕೈಯಾಡಿಸಿ, ಬಿಂಕವಿಲ್ಲದೆ, ಸಲ್ಲಬೇಕಾದುದು ಸಂದವರ ಹಾಗೆ ಕೈಮುಗಿದರು.

ಕಾರಿನ ಬಾಗಿಲಲ್ಲಿ ಮಮತ ಆಕೆಯನ್ನು ಹಿಡಿದಳು. “ಮೇಡಂ, ನೀವು ಕೇಳಿದ ಮಾತಿಗೆ ನಮ್ಮೂರಲ್ಲಿ ಅರ್ಥವೇ ಬೇರೆ. ಮಾಡಿಸಿದವರು ಅಂದರೆ...”

“ಮಮತಾ, ಭಾಷೆಯ ಮೇಲೆ ಹಾಕಬೇಡ,” ಎಂದರು ಆಕೆ ಅವಳ ಹೆಗಲು ತಟ್ಟಿ. “ಜನ ಸುಳ್ಳು ಹೇಳುವುದಿಲ್ಲ. ನಿನ್ನಲ್ಲಿ ಒಬ್ಬ ಒಳ್ಳೆಯ ಸಂಯೋಜಕಿ ಇದ್ದಾಳೆ, ಅದೂ ಸಣ್ಣದಲ್ಲ. ನಿನ್ನನ್ನು ಕೈಬಿಡಬಾರದೆಂದು ಮಹದೇವಪ್ಪನವರಿಗೆ ನಾನೇ ಹೇಳುತ್ತೇನೆ.” ಕಾರು ದಿಂಬಂ ಕಡೆಗೆ ತಿರುಗಿತು. ಗೇಟಿಗೆ ಇನ್ನೂ ಹೊತ್ತಿತ್ತು.

ಆಕೆ ಮಾತಿಗೆ ತಪ್ಪಲಿಲ್ಲ. ಮುಂದಿನ ಎರಡು ವರ್ಷಗಳ ಆಸರೆ ದಯಾನಂದ ಹೊಸದಾಗಿ ಕಟ್ಟಿದ ಕಲಾವೇದಿಕೆಗೆ ಸಂದಿತು. ಅವನು ಮಮತಳನ್ನು ಮನೆಗೆ ಕರೆಸಿ, ಈ ಸಲ ಕುರ್ಚಿಯನ್ನೂ ಹಾಕಿಸಿ ಮಾತಾಡಿದ.

“ಆಳ್ ಕರ್ಕಂಡ್ ಬರದು ನಿಂದು. ಶುಂಟಿ ಕೀಳಕ್ಕ ಆಳ್ ತರೋ ಮೇಸ್ತ್ರಿಗ ಕೊಡಂಗ ತಲೆಗಿಷ್ಟು ಅಂತ ಕೊಟ್ಬುಡ್ತಿನಿ. ಕಾವಲ್ಗಾರ್ತಿ ಪಾರ್ಟ್ಗ ಚಾಮರಾಜನಗರದಿಂದ ಆರ್ಟಿಸ್ಟ್ ಬತ್ತಾಳ, ನೋಡಕ್ಕ ಚೆಂದಾಗವ್ಳ. ಆನೆ ಪಾರ್ಟ್ಗ ಆಗ್ಲೇ ಪೈಪೋಟಿ ಬಿದ್ದದ ಗೊತ್ತಾ?”

“ರಾಮುಗ?” ಎಂದು ಕೇಳಿದಳು ಮಮತ.

“ಅವ್ನ್ಗ ಒಂದ್ ಈಟಿ ಕೊಟ್ರಾಯ್ತು ಬುಡು.”

ಅವನ ಮಾತಿಗೆ ಒಪ್ಪದೆ ಮಮತ ತಿರುಪ್ಪೂರಿಗೆ ಹೊರಡುವ ಹಿಂದಿನ ದಿನ ಮಾದೇವಮ್ಮ ಒಲೆಯ ಮುಂದೆ ಕುಳಿತು ಕೇಳಿದಳು. “ನಾನೇನಾರ ತಪ್ಪಾಡ್ದ್ನವ್ವಾ?”

“ಇಲ್ಲ ಚಿಕ್ಕವ್ವ. ಕೇಳಿದ್ಕ ಸರ್ಯಾಗಿ ಯೋಳ್ದೆ.”

ಮಾರನೆಯ ಬೆಳಗ್ಗೆ ಮಮತ ಬಟ್ಟೆಯ ಚೀಲದೊಡನೆ ಸತ್ಯಮಂಗಲದ ಬಸ್ಸಿಗಾಗಿ ರಸ್ತೆಯ ಬದಿಯಲ್ಲಿ ನಿಂತಿದ್ದಳು. ತಿರುಪ್ಪೂರಿನ ಕಂಪನಿಯ ಸೂಪರ್‌ವೈಸರ್ ಹಳೆಯ ಕೆಲಸವನ್ನೇ ಕೊಡುವುದಾಗಿ ಹೇಳಿದ್ದ. ಆಚೆಯ ಮಹದೇವಪ್ಪನವರ ಹೊಲದಲ್ಲಿ ಜೋಳ ಅಲುಗಿತು, ಹಂದಿ ಬಿದ್ದಿರಬೇಕು. ಅಟ್ಟಣೆಯ ಮೇಲೆ ಟವೆಲು ಕಟ್ಟಿದ ತಲೆಯೊಂದು ಎದ್ದಿತು.

“ಓಗೂ! ಇದು ನನ್ ಒಲಾ!”

ಅಂಥ ಕೂಗು ಮಮತಳಿಗೆ ತಾಲೀಮಿನಲ್ಲಿಯೂ ಸಿಕ್ಕಿರಲಿಲ್ಲ. ಮಂಟಪದ ಹಿಂದಿನ ಗೋಡೆಗೆ ಬಡಿದು ಮತ್ತೆ ರಂಗಕ್ಕೆ ಬರಬೇಕಾಗಿದ್ದ ಕೂಗು ಅದು. ಅವಳು ಚೀಲವನ್ನು ಕೆಳಗಿಟ್ಟು ಕಾದಳು.

ಹೊಲದ ಬದುವಿನಲ್ಲಿ ದಯಾನಂದನ ಮೋಟಾರುಬೈಕು ಬಂದು ನಿಂತಿತು. ಅಟ್ಟಣೆಯ ಮೇಲಿನ ತಲೆ ಅತ್ತ ತಿರುಗಿತು. ಟವೆಲು ಕೆಳಗಿಳಿಯಿತು.

“ಓಗೂ! ಇದು ಬುದ್ದಿಯೋರ್ ಒಲಾ!”

ಗಂಟಲು ಅದೇ, ಶ್ರುತಿ ಅದೇ. ಹಂದಿಗಳು ಎರಡು ಕೂಗಿಗೂ ಒಂದೇ ರೀತಿ ಓಡಿದವು. ಮಮತ ಚೀಲವನ್ನು ಮತ್ತೆ ಎತ್ತಿ ಹೆಗಲಿಗೆ ಹಾಕಿಕೊಂಡು, ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದಳು.