ಬಂದರಿಗಿಳಿದ ಉಣ್ಣೆಯ ಕೋಟು

ನೆತ್ತಿಯ ಬೆವರು ಹುಬ್ಬಿಗಿಳಿಯುವ ಬಂದರಿನ ಸೆಕೆಯಲ್ಲಿ, ಉದಕಮಂಡಲದ ಹಿಮಗಾಳಿಗೆಂದು ಹೊಲಿಸಿದ ದಪ್ಪ ಉಣ್ಣೆಯ ಕೋಟನ್ನು ಕೊರಳ ಗುಂಡಿಯವರೆಗೂ ಬಿಗಿದುಕೊಂಡು ಒಬ್ಬ ಹೆಂಗಸು ನಿರಾಳವಾಗಿರುವುದು ಹೇಗೆ? ದೇಹದ ಉಷ್ಣನಿಯಂತ್ರಣದ ಬಗ್ಗೆ ಓದಿದ್ದನ್ನೆಲ್ಲ ನೆನೆದರೂ ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಪುಟ್ಟಲಿಂಗಮ್ಮನವರನ್ನೇ ಕೇಳಿದಾಗ, "ಇದ ಬಿಚ್ಚುದ್ರ ಈ ಜನ ನನ್ ಮಾತ ಕೇಳಲ್ಲ ಕನಪ್ಪ," ಎಂದುಬಿಟ್ಟರು, ಅದನ್ನು ಶರೀರಶಾಸ್ತ್ರವೆನ್ನಲಾಗದು.

ಮೈಸೂರು ಸೀಮೆಯಿಂದ ಬಂದು ಊಟಿಯ ಮಾರುಕಟ್ಟೆಯಲ್ಲಿ ತರಕಾರಿ ಮಂಡಿ ಹಾಕಿದ ಮನೆತನ ಅವರದು. ಮೂಟೆಗಳ ಸಂದಿಯಲ್ಲಿ ನುಸುಳಿ ರೂಢಿಯಾದ ನಡಿಗೆ, ಬಟಾಬಯಲಿನಲ್ಲೂ ಒಂದು ಭುಜವನ್ನು ಮುಂದೆ ಮಾಡಿಕೊಂಡೇ ಸಾಗುತ್ತಿತ್ತು. ಪ್ರತಿ ಮಾತಿನ ತುದಿಗೂ "ಆಯ್ತಲ್ಲ?" ಎಂದು ಸೇರಿಸುವರು, ಪ್ರಶ್ನೆಯಂತೆ ಕೇಳಿಸಿದರೂ, ಎದುರಿನವರು ಬಾಯಿ ತೆರೆಯುವಷ್ಟರಲ್ಲಿ ಕೆಲಸ ಆಗಿಯೇ ಹೋಗಿರುತ್ತಿತ್ತು.

ಗೂಡಲೂರಿನ ಘಾಟಿ ಇಳಿದರೆ ಸಿಗುವ ಮಲಬಾರಿನ ಹಳೆಯ ಬಂದರೊಂದರಲ್ಲಿ, ಹಿಂದೆ ಅರಬ್ಬೀ ದೇಶಗಳಿಗೆ ಮೆಣಸು ಹೊತ್ತ ಹಾಯಿಹಡಗೊಂದನ್ನು ದುರಸ್ತಿ ಮಾಡಿ, ದಡಕ್ಕೆ ಕಟ್ಟಿ, ಚಳಿಗಾಲದ ಸಂಜೆಗಳಲ್ಲಿ ಅದರ ಮೇಲಟ್ಟದಲ್ಲಿ ಸಂಗೀತ, ನೃತ್ಯಗಳನ್ನು ಏರ್ಪಡಿಸುವ ಸಮಿತಿಯೊಂದಿದೆ. ಆ ಊರಿನ ಹೋಟೆಲುಗಳಿಗೆ ಕ್ಯಾರೆಟ್ಟು, ಬೀಟ್‌ರೂಟು ಕಳುಹಿಸುತ್ತಲೇ ಪುಟ್ಟಲಿಂಗಮ್ಮನವರು ಸಮಿತಿಯೊಳಕ್ಕೂ ಆ ಭುಜವನ್ನು ಮುಂದೆ ಮಾಡಿಕೊಂಡೇ ಹೊಕ್ಕವರು. ವರ್ಷಕ್ಕೊಂದು ಸಂಜೆ ಬೆಟ್ಟದವರದಾಗಬೇಕೆಂದು ಹಟ ಹಿಡಿದು ಗೆದ್ದವರು.

ಕಳೆದ ವರ್ಷ ಹುಣ್ಣಿಮೆಯ ದಿನವನ್ನೇ ಕೇಳಿ ಪಡೆದು, ನೀಲಗಿರಿಯ ಮಂಜೂರಿನ ಕಡೆಯ ಒಂದು ಹಟ್ಟಿಯ ಬಡಗ ಜನರನ್ನು ಕರೆದೊಯ್ದರು, ಜೊತೆಗೆ ನನ್ನನ್ನೂ. ಅವರ ಹಿರಿಯ, ಹಾಲಿ ಎಂಬ ಹೆಸರಿನವರು, ಸಣ್ಣ ಚಹಾತೋಟದ ಒಡೆಯ, ಒಮ್ಮೆಯೂ ಸಮುದ್ರ ಕಂಡವರಲ್ಲ. ಬಡಗರ ನೃತ್ಯಕ್ಕೆ 'ಆಟ' ಎಂದೇ ಹೆಸರು. ಅದಕ್ಕೆ ಪೂರ್ಣ ವೃತ್ತ ಬೇಕು, ನೋಡಲು ಬಂದವನೂ ಮನಸ್ಸಾದರೆ ನಡುವೆ ಸೇರಿಕೊಳ್ಳಬೇಕು. ಹಡಗಿನ ಮೇಲೆ ಇಡೀ ಸುತ್ತು ಕಟ್ಟಿಸುತ್ತೇನೆಂದು ಪುಟ್ಟಲಿಂಗಮ್ಮ ಹಾಲಿಗೆ ಮಾತು ಕೊಟ್ಟಿದ್ದರು. ಆ ಮಾತು ಉಳಿಯದಿದ್ದರೆ ಮಂಡಿಗೆ ಬರುವ ಯಾವ ಹಟ್ಟಿಯವರ ಮುಖವನ್ನೂ ಅವರು ನೇರ ನೋಡುವಂತಿರಲಿಲ್ಲ.

ಆಟದ ನೆಲ ಮೆಟ್ಟುವ ಮುನ್ನ ಪಾದರಕ್ಷೆ ಬಿಡುವುದು ಆ ಜನರ ಪದ್ಧತಿ. ಸಂಜೆ ದಡದಲ್ಲಿ, ಓಡಾಡುವವರು ತುಳಿಯದಂತೆ ಪುಟ್ಟಲಿಂಗಮ್ಮ ತೋರಿಸಿದ, ನೀರಿನತ್ತ ಇಳಿಯುವ ಕೆಳಗಿನ ಒಣ ಮೆಟ್ಟಿಲುಗಳ ಮೇಲೆ ಚಪ್ಪಲಿಗಳನ್ನು ಸಾಲಾಗಿಟ್ಟು ಎಲ್ಲರೂ ಹಡಗೇರಿದರು.

ಸರದಿ ಬಂದಾಗ ಸಮಿತಿಯ ಕಾರ್ಯದರ್ಶಿ ರಂಗನಾಥನ್, ಪ್ರತಿ ತಂಡಕ್ಕೂ ಮಾಡುವಂತೆಯೇ, ಕಡೆಗಳಿಗೆಯಲ್ಲಿ ಕತ್ತರಿ ತೆಗೆದರು. ಕುರ್ಚಿಗಳನ್ನು ಸರಿಸಲಾಗದು, ಆರು ಮಂದಿ ಸಭಿಕರಿಗೆ ಮುಖಮಾಡಿ ನಿಂತು ಬೇಗ ಮುಗಿಸಲಿ, ಉಳಿದವರು ಬಸ್ಸಿನಲ್ಲಿ ಕೂರಲಿ ಎಂದರು.

ಹಾಲಿಯವರು ರಂಗನಾಥನ್ ಅವರತ್ತ ನೋಡಲೇ ಇಲ್ಲ. "ಅಮ್ಮಾ, ಆರು ಆಳು ನಿಂದಲೆ ಅದು ಆಟ ಅಲ್ಲ, ಬೇಲಿ," ಎಂದು ಪುಟ್ಟಲಿಂಗಮ್ಮನವರಿಗೆ ಹೇಳಿ, ತಮ್ಮವರನ್ನೆಲ್ಲ ಎಬ್ಬಿಸಿ ಕೆಳಗಿಳಿದರು. ಕೆಳಗೆ ಮೆಟ್ಟಿಲುಗಳೇ ಇರಲಿಲ್ಲ. ಅವರ ಬೆಟ್ಟದ ಅವಲಾಂಚ್ ಅಣೆಕಟ್ಟಿನ ನೀರು ಮಳೆ ಬಂದರೆ ಏರುತ್ತದೆ, ವಿದ್ಯುತ್ ಮಂಡಳಿಯವರು ಬಿಟ್ಟರೆ ಇಳಿಯುತ್ತದೆ. ತುಣುಕು ಮೋಡವೂ ಇಲ್ಲದ ಇರುಳಿನಲ್ಲಿ ನೀರು ತಾನಾಗಿ ಮೆಟ್ಟಿಲು ಹತ್ತುವುದನ್ನು ಬೆಟ್ಟದವರು ಯಾರೂ ಎಣಿಸಿರಲಿಲ್ಲ. ಇಡೀ ಹಟ್ಟಿಯ ಚಪ್ಪಲಿಗಳು ಬೆಳುದಿಂಗಳಲ್ಲಿ ಹಡಗಿನ ಸುತ್ತ ಈಜುತ್ತಿದ್ದವು. ಯಾರೋ ನಕ್ಕರು, ಮತ್ಯಾರೋ, ನಮ್ಮ ಚಪ್ಪಲಿಯೂ ಹಡಗೇ ಆಯಿತಲ್ಲ ಎಂದರು.

ಬರಿಗಾಲಲ್ಲಿ ನಿಂತ ಬಿಳಿಯುಡುಪಿನ ಬಡಗರಿಗೆ ನಾನು ಕಡಲುಬ್ಬುವ ಭರತದ ಕಾರಣ ವಿವರಿಸತೊಡಗಿದೆ: ಚಂದ್ರನ ಸೆಳೆತ, ಹುಣ್ಣಿಮೆಯಲ್ಲಿ ಸೂರ್ಯನೂ ಅದಕ್ಕೆ ಕೂಡುವ ಬಗೆ. ಪುಟ್ಟಲಿಂಗಮ್ಮ ಬೆರಗಿನಿಂದಲೇ ಕೇಳಿದರು. "ಚಂದ್ರನಾ? ಅಷ್ಟ್ ದೂರದಿಂದ ಕೈ ಚಾಚಿ ಚಪ್ಪಲಿ ಕದ್ದನಾ?"

ಆಮೇಲೆ ಹಾಲಿಯತ್ತ ತಿರುಗಿದರು. "ಚಪ್ಪಲಿ ಸಿಗಗಂಟ ಸುಮ್ನ ನಿಂತ್ರ ಕಾಲು ನೋಯ್ತವ ಹಾಲಣ್ಣ. ಮ್ಯಾಲಕ್ ಬಂದು ಆಟ ಆಡಿ. ಆಯ್ತಲ್ಲ?"

ಎಲ್ಲಿಂದಲೋ ಬಂದ ದೋಣಿಯವರು ಬಲೆಯಲ್ಲಿ ಚಪ್ಪಲಿ ಹಿಡಿಯುತ್ತಿದ್ದಷ್ಟು ಹೊತ್ತೂ ಆಟ ನಡೆಯಿತು. ಇದನ್ನೆಲ್ಲ ಕಂಡ ಸಭಿಕರೇ ಎದ್ದು ಕುರ್ಚಿಗಳನ್ನು ಮಡಚಿದರು. ಕಾರ್ಯದರ್ಶಿಗಳ ಕುರ್ಚಿಯನ್ನು ಮಡಚಿದವರು ಯಾರೆಂದು ತಿಳಿಯಲಿಲ್ಲ, ಆಗ ಅವರು ಅದರ ಮೇಲಿರಲಿಲ್ಲ ಎಂಬುದಷ್ಟೇ ನಿಶ್ಚಿತ. ಹಾಯಿಕಂಬವನ್ನು ನಡುವಿಟ್ಟು ಸುತ್ತು ಪೂರ್ಣವಾಯಿತು. ಮಲಬಾರಿನ ಹೆಂಗಸರು, ಬಂದರಿನ ಕೂಲಿಗಳು, ಚಪ್ಪಲಿ ಕಳಚಿಟ್ಟ ನಾನು, ಎಲ್ಲರೂ ಅದರೊಳಗೆ ಹೆಜ್ಜೆ ತಪ್ಪುತ್ತ ತಿರುಗಿದೆವು. ಹಾಲಿಯ ಮುಖದಲ್ಲಿ ಸಿಟ್ಟಿನ ಸುಳಿವೂ ಉಳಿದಿರಲಿಲ್ಲ. ಕೋಟಿನಾಕೆ ಮಾತ್ರ ಕುಣಿಯದೆ ಹಡಗಿನಂಚಿನಲ್ಲಿ ನಿಂತು ನೀರನ್ನೇ ನೋಡುತ್ತಿದ್ದರು.

ಹಾಡಲಾರದ, ಕುಣಿಯಲಾರದ, ಆದರೆ ಕುಣಿತಕ್ಕೆ ಅದರ ಪೂರ್ಣ ಜಾಗವನ್ನು ದೊರಕಿಸಿಕೊಡುವ ಇಂಥವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇರುತ್ತಾರೆ. ಅವರು ಸಾಧಿಸಿದ್ದನ್ನು ನಾವು ಅದೃಷ್ಟವೆಂದು ಕರೆದು ಸುಮ್ಮನಾಗುತ್ತೇವೆ, ಅವರೂ ತಿದ್ದುವುದಿಲ್ಲ. ಕಾರ್ಯಕಾರಣಗಳನ್ನೇ ನೆಚ್ಚುವ ನಾನೂ ಆ ಸಂಜೆಯನ್ನು ಆಕಸ್ಮಿಕಗಳ ಪಟ್ಟಿಗೆ ಸೇರಿಸಿಬಿಟ್ಟಿದ್ದೆ.

ಈ ಆಷಾಢದಲ್ಲಿ ಪುಟ್ಟಲಿಂಗಮ್ಮ ತೀರಿಕೊಂಡರು. ಸುದ್ದಿ ತಿಳಿಸಲು ಹಡಗಿನ ಕಾವಲುಗಾರನಿಗೆ ಫೋನು ಮಾಡಿದಾಗ ಆತ ಹೇಳಿದ: ಆಟದ ದಿನ ಬೆಳಿಗ್ಗೆಯೇ ಆಕೆ ಒಬ್ಬರೇ ಬಂದು, ಕತ್ತಲಾದ ಮೇಲೆ ನೀರು ಯಾವ ಮೆಟ್ಟಿಲವರೆಗೆ ಏರುತ್ತದೆಂದು ಕೇಳಿ ತಿಳಿದುಕೊಂಡು, ಒಂದು ಜೋಡಿಯೂ ಕಡಲ ಪಾಲಾಗಬಾರದೆಂದು ಬಲೆಯ ದೋಣಿಯೊಂದನ್ನು ಗೊತ್ತುಮಾಡಿ ಹೋಗಿದ್ದರಂತೆ.