ತಗಡಿನ ಕೊಡೆ

ಪೇಟೆ ಬೀದಿಯ ಅಂಗಡಿಯವರೆಲ್ಲ ಅವಳನ್ನು ಅಳತೆಯಮ್ಮ ಎಂದೇ ಕರೆಯುತ್ತಿದ್ದರು. ನಗರಸಭೆಯ ಯೋಜನಾ ಶಾಖೆಯಲ್ಲಿ ಅವಳಿಗೆ ಕೆಲಸ. ಬೀದಿಯ ಬೋರ್ಡುಗಳ ನಿಯಮ ಓಬೀರಾಯನ ಕಾಲದ್ದು. ಅದನ್ನು ತಿದ್ದಿ ಬರೆಯುವ ಹೊಣೆ ಅವಳ ತಲೆಗೆ ಬಿದ್ದಿತ್ತು. ವರ್ಷವಿಡೀ ಟೇಪು ಹಿಡಿದು ಮೇಲೆ ನೋಡುತ್ತ ನಡೆದು ಕತ್ತು ಹಿಡಿದುಕೊಂಡರೂ, ಕೆಲಸ ಅಚ್ಚುಕಟ್ಟಾಗಿದೆ ಎಂಬ ಹೆಮ್ಮೆ ಅವಳಿಗಿತ್ತು. ಇರಲಿ ಬಿಡಿ, ಅಷ್ಟು ಹೆಮ್ಮೆ ಪಡಬೇಕಾದದ್ದೇ.

ಬೋರ್ಡು ಗೋಡೆಯಿಂದ ಮೂರಡಿಗಿಂತ ಚಾಚಬಾರದು, ಅದರ ದೀಪ ಎದುರುಮನೆಯವರ ನಿದ್ದೆ ಕೆಡಿಸಬಾರದು, ಹೀಗೆ ಹನ್ನೆರಡು ನಿಯಮ. ಅವಳಿಗೆ ಅಚ್ಚುಮೆಚ್ಚಿನದು ಏಳನೆಯದು: ವ್ಯಾಪಾರ ನಿಂತುಹೋದ ಅಂಗಡಿಯ ಬೋರ್ಡನ್ನು ಮೂವತ್ತು ದಿನದೊಳಗೆ ಇಳಿಸಬೇಕು. ಹಲ್ಲಿನ ಡಾಕ್ಟರ ಬೋರ್ಡು ನಂಬಿ ಕೆನ್ನೆ ಹಿಡಿದುಕೊಂಡು ಮೂರು ಮಹಡಿ ಹತ್ತಿದವರಿಗೆ ಮೇಲೆ ಸಿಗುತ್ತಿದ್ದದ್ದು ಟೈಪಿಂಗ್ ಶಾಲೆ. ಇದನ್ನು ನೋಡಿಯೇ ಅವಳು ಏಳನೆಯದನ್ನು ಬರೆದಿದ್ದು.

ಬೀದಿಯ ಬೋರ್ಡುಗಳನ್ನೆಲ್ಲ ಅಳೆದು ಬರೆದ ಪಟ್ಟಿಯನ್ನು ಶುದ್ಧಪ್ರತಿ ಮಾಡುವಾಗ ನಲವತ್ತೊಂದನೆಯ ಸಾಲಿಗೆ ಬಂದು ಪೆನ್ನು ನಿಂತಿತು. ಕೊಡೆ ರಿಪೇರಿ. ಬೋರ್ಡು: ತಗಡಿನ ಕೊಡೆ, ಚಾಚು ಎರಡೂವರೆ ಅಡಿ. ವ್ಯಾಪಾರ ನಡೆಯುತ್ತಿದೆಯೇ? ಇಲ್ಲ.

ಅದು ಅವಳ ಅಪ್ಪನ ಅಂಗಡಿ. ಅವಳು ಹುಟ್ಟಿದ ವರ್ಷ ಅಪ್ಪ ತಾವೇ ತಗಡು ಬಡಿದು ಮಾಡಿ ನೇತುಹಾಕಿದ ಕೊಡೆ. ಎರಡು ವರ್ಷದ ಹಿಂದೆ ಮಣಿಕಟ್ಟಿನ ನೋವು ತಾಳಲಾರದೆ ಅಂಗಡಿಯನ್ನು ಫೋನ್ ಕವರು ಮಾರುವ ಹುಡುಗಿಗೆ ಬಾಡಿಗೆಗೆ ಕೊಟ್ಟಿದ್ದರು. ಆದರೂ ಬೆಳಗಿನ ವಾಕಿಂಗಿನಲ್ಲಿ ಅಲ್ಲಿ ನಿಂತು, ಕೊಡೆಯನ್ನೊಮ್ಮೆ ನೋಡಿಯೇ ಮನೆಗೆ ಬರುತ್ತಿದ್ದರು.

'ಮನೆಗೆ ಮಾರಿ, ಪರರಿಗೆ ಉಪಕಾರಿ' ಎಂದು ಅವಳು ತನ್ನನ್ನೇ ಬೈದುಕೊಂಡಳು. ಪಟ್ಟಿ ನೋಡಿದ ಶಾಖೆಯ ಇಂಜಿನಿಯರು ಕನಿಕರದಿಂದ, "ಹಳೇ ತಗಡಿನ ಬೋರ್ಡಿಗೆ ವಿನಾಯಿತಿ ಅಂತ ಒಂದು ಸಾಲು ಸೇರಿಸಮ್ಮ, ಯಾರು ಕೇಳ್ತಾರೆ?" ಎಂದರು.

"ನಮ್ಮನೆಗೊಂದು ನಿಯಮ, ಊರಿಗೊಂದು ನಿಯಮ ಬರೆಯೋಕಾಗುತ್ತಾ ಸಾರ್?" ಎಂದಳು. ಸಂಜೆ ಅಪ್ಪನ ಮುಖ ನೋಡಲಾಗದೆ ಬೇಗ ಊಟ ಮುಗಿಸಿ ಎದ್ದಳು.

ಆಕ್ಷೇಪಣೆ ಕೇಳುವ ಸಭೆಯಲ್ಲಿ ಏಳನೆಯ ನಿಯಮ ಓದಿದ್ದೇ ತಡ, ಹಿಂದಿನ ಸಾಲಿನಲ್ಲಿ ಅಪ್ಪ ಎದ್ದು ನಿಂತರು. ಬರುವುದಾಗಿ ಮನೆಯಲ್ಲಿ ಹೇಳಿರಲಿಲ್ಲ.

"ಏಳನೇದು ಸರಿಯಾಗಿದೆ," ಎಂದರು ಅಪ್ಪ. "ಬೋರ್ಡು ಸುಳ್ಳು ಹೇಳಬಾರದು. ನನ್ನ ಕೊಡೆ ಎರಡು ವರ್ಷದಿಂದ ಸುಳ್ಳು ಹೇಳ್ತಿದೆ. ಮುರಿದ ಕೊಡೆ ತಂದವರು ಫೋನ್ ಕವರು ತಗೊಂಡು ಹೋಗ್ತಿದ್ದಾರೆ." ಸಭೆ ಗೊಳ್ಳೆಂದು ನಕ್ಕಿತು. "ಮೂವತ್ತು ದಿನ ಕೊಟ್ಟಿದ್ದೀರಲ್ಲ, ಧಾರಾಳವಾಯ್ತು."

ನಿಯಮ ಜಾರಿಯಾಗಿ ಮೂವತ್ತನೆಯ ದಿನ ಅವಳು ಏಣಿಯವನನ್ನು ಕರೆದುಕೊಂಡು ತಪಾಸಣೆಗೆ ಹೊರಟಳು. ತಗಡಿನ ಕೊಡೆ ಇದ್ದಲ್ಲೇ ಇತ್ತು. ಅಪ್ಪ ಇಳಿಸಿರಲಿಲ್ಲ, ಇನ್ನು ತಾನೇ ಇಳಿಸಬೇಕು. ಅವಳಿಗೆ ಅಳುವೇ ಬಂತು.

ಏಣಿ ಇಡಲು ಜಾಗ ಕೇಳೋಣವೆಂದು ಒಳಗೆ ಹೋದರೆ, ಕಿಟಕಿ ಪಕ್ಕದ ಸ್ಟೂಲಿನ ಮೇಲೆ ಅಪ್ಪ! ಮಣಿಕಟ್ಟಿಗೆ ಪಟ್ಟಿ, ಕೈಯಲ್ಲಿ ಇಕ್ಕಳ, ಗೋಡೆಗೆ ಒರಗಿಸಿದ ನಾಲ್ಕು ಕೊಡೆ.

"ವಾರಕ್ಕೆ ಮೂರು ದಿನ ಅಷ್ಟೇ ಅಕ್ಕ," ಎಂದಳು ಕವರಿನ ಹುಡುಗಿ. "ಕೈ ನೋಯೋ ಮುಂಚೆ ನಾನೇ ಎಬ್ಬಿಸಿ ಕಳಿಸ್ತೀನಿ."

ಬೆಳಗಿನ ವಾಕಿಂಗು ಇತ್ತೀಚೆಗೆ ಯಾಕೆ ಅಷ್ಟು ಉದ್ದವಾಗಿತ್ತೆಂದು ಅವಳಿಗೆ ಈಗ ತಿಳಿಯಿತು. ಪಟ್ಟಿ ತೆರೆದು ನಲವತ್ತೊಂದನೆಯ ಸಾಲಿನ 'ಇಲ್ಲ'ದ ಮೇಲೆ ಗೀಟು ಎಳೆಯಲು ಹೊರಟಳು.

"ತಡಿ. ಅಪ್ಪ ಅಂತ ಬರೀಬೇಡ, ನೋಡಿ ಬರಿ," ಎಂದು ಅಪ್ಪ ಒಂದು ಕೊಡೆ ಬಿಚ್ಚಿದರು. ಕಡ್ಡಿಗಳೆಲ್ಲ ಒಟ್ಟಿಗೆ ಎದ್ದು ನಿಂತವು.

ಅವಳು ಗೀಟು ಎಳೆದು, ಚೀಲದಿಂದ ತನ್ನ ಕೊಡೆ ತೆಗೆದಳು. ಒಂದು ಕಡ್ಡಿ ಮುರಿದು ಜೋತುಬಿದ್ದಿತ್ತು.

"ಇದನ್ನ ಹಿಡ್ಕೊಂಡೇ ಎರಡು ವರ್ಷ ಓಡಾಡಿದ್ಯಾ?"

"ಬೇರೆಯವರ ಕೈಗೆ ಕೊಡೋಕೆ ಮನಸ್ಸು ಬರ್ಲಿಲ್ಲಪ್ಪ."

ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಗೋಡೆಯ ಕಡೆ ಕೈ ತೋರಿಸಿದರು.

"ಅಲ್ಲಿಡು. ನಿಂದು ಐದನೇದು. ಮಗಳು ಅಂತ ಮುಂಚೆ ಮಾಡಿಕೊಡೋಕಾಗಲ್ಲ."